ಉತಾರದಲ್ಲಿ ಇಲ್ಲದವರನ್ನೂ ಹುಡುಕಿ ವಂಶಾವಳಿ ಬರೆಯುವುದು: ಬೀಳಗಿ ಕಡೆಯ ಒಂದು ಅನುಭವ

ಬಾಗಲಕೋಟೆ ಜಿಲ್ಲೆಯ ಬೀಳಗಿ ಕಡೆಯ ಒಂದು ಒಕ್ಕಲು ಮನೆತನದ ಆರು ತಲೆಮಾರಿನ ವಂಶಾವಳಿ ಈ ಸುಗ್ಗಿಗೆ ಒಂದು ಹಂತಕ್ಕೆ ಬಂತು. ಶುರುವಾಗಿದ್ದು ವಾಟ್ನಿ (ಆಸ್ತಿ ಪಾಲು) ನೆಪದಲ್ಲಿ. ನಾಡಕಚೇರಿಗೆ ಕೊಡುವ ವಂಶವೃಕ್ಷಕ್ಕೆ ಮೂರು ತಲೆಮಾರು ಸಾಕಿತ್ತು. ಹಳೇ ಉತಾರ (ಹೊಲದ ಪಹಣಿ), ಡೈರಿ (ಹಕ್ಕು ಬದಲಾವಣೆ ಬರೆಯುವ ವಹಿ) ತೆಗೆಸಿದ ಮೇಲೆ ಕೆಲಸ ಅಷ್ಟಕ್ಕೆ ನಿಲ್ಲಲಿಲ್ಲ. ಕಾಗದದಲ್ಲಿ ಕಂಡ ಮನೆತನಕ್ಕೂ ಹಿರಿಯರು ಹೇಳುವ ಮನೆತನಕ್ಕೂ ಅರ್ಧದಷ್ಟು ಜನರ ವ್ಯತ್ಯಾಸವಿತ್ತು. ಕಾರಣ ಸರಳ. ಉತಾರದಲ್ಲಿ ಬರುವುದು ಹೊಲ ಬಂದವರ ಹೆಸರು ಮಾತ್ರ. ಕೊಟ್ಟ ಹೆಣ್ಣುಮಕ್ಕಳು, ದತ್ತಕ ಹೋದವರು, ಮನೆ ಅಳಿಯನಾಗಿ ಬೇರೆ ಊರು ಸೇರಿದವರು, ಕೂಸಿದ್ದಾಗಲೇ ಹೋದವರು ಯಾರೂ ಅಲ್ಲಿಲ್ಲ. ಉತಾರ ನಂಬಿ ಗಿಡ ಬರೆದರೆ ಅದು ವಾರಸದಾರರ ಪಟ್ಟಿ ಆಗುತ್ತದೆ, ಮನೆತನದ ವಂಶಾವಳಿ ಆಗುವುದಿಲ್ಲ. ಈ ಕೆಲಸಕ್ಕೆ ಕೈಹಾಕುವವರಿಗೆ ಅನುಕೂಲವಾಗಲೆಂದು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲ ಮಾತು: ದೊಡ್ಡ ಹಾಳೆ ತಂದು ಗಿಡ ಬರೆಯಲು ಕೂಡಬೇಡಿ. ಗಿಡ ಕೊನೆಯ ಕೆಲಸ. ಮೊದಲು ಬೇಕಾಗಿದ್ದು ನಾಲ್ಕು ನಮೂನೆಯ ಹಾಳೆ, ಎರಡು ಉಂಗುರದ ಒಂದು ಬಾಕ್ಸ್ ಫೈಲು, ಪೆನ್ಸಿಲ್ಲು. ಏರು ತಖ್ತೆ ಒಂದು, ಕುಟುಂಬ ಹಾಳೆ ಒಂದು, ಪ್ರತಿ ದಾಖಲೆಗೆ ಒಂದರಂತೆ ದಾಖಲೆ ಹಾಳೆ, ಎಲ್ಲಿ ಏನು ಹುಡುಕಿದೆವು ಎಂದು ಬರೆಯುವ ಶೋಧ ವಹಿ. ಎಲ್ಲವೂ ಎ4. ಝೆರಾಕ್ಸ್ ಅಂಗಡಿಯಲ್ಲಿ ಹೊಡೆಸಿಕೊಂಡರೆ ಖರ್ಚು ಚಹಾದ ಖರ್ಚಿಗಿಂತ ಹೆಚ್ಚಿಲ್ಲ.

ಏರು ತಖ್ತೆಯಲ್ಲಿ ಒಬ್ಬರಿಂದ ಮೇಲಕ್ಕೆ ಹೋಗುತ್ತೇವೆ. ಅಂಕಿ ಹಾಕುವ ಪದ್ಧತಿ ಯುರೋಪಿನಲ್ಲಿ 1590ರಿಂದ ಬಳಕೆಯಲ್ಲಿದೆ, ಇಂದಿಗೂ ಅದಕ್ಕಿಂತ ಹಗುರಾದದ್ದು ಇಲ್ಲ. ಯಾರಿಂದ ಶುರುವೋ ಅವರು 1. ತಂದೆಯ ಅಂಕಿ ಮಗುವಿನ ಅಂಕಿಯ ಎರಡರಷ್ಟು, ತಾಯಿಯದು ಅದಕ್ಕೆ ಒಂದು ಹೆಚ್ಚು. ಹಾಗಾಗಿ ತಂದೆ 2, ತಾಯಿ 3, ತಂದೆಯ ತಂದೆ 4, ತಂದೆಯ ತಾಯಿ 5, ತಾಯಿಯ ತಂದೆ 6, ತಾಯಿಯ ತಾಯಿ 7. ನಾಲ್ಕು ತಲೆಮಾರಿಗೆ 15 ಮನೆ (ಖಾನೆ), ಐದಕ್ಕೆ 31. ಒಂದು ಹಾಳೆಗೆ ನಾಲ್ಕು ತಲೆಮಾರು ಸಾಕು. 8ರಿಂದ 15ರವರೆಗಿನವರು ತಲಾ ಒಂದು ಹೊಸ ಹಾಳೆಯಲ್ಲಿ ಮತ್ತೆ 1 ಆಗುತ್ತಾರೆ, ಎರಡೂ ಹಾಳೆಯ ಮೂಲೆಯಲ್ಲಿ ಪರಸ್ಪರ ಹಾಳೆ ನಂಬರ್ ಬರೆಯಬೇಕು.

ಹೊರಗಿನ ನಮೂನೆ ಹಾಗೇ ತಂದರೆ ನಮ್ಮ ಕಡೆ ಇಲ್ಲೇ ಎಡವುತ್ತದೆ. ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತರುವ ರೂಢಿ ನಮ್ಮದು. ಒಬ್ಬರೇ ಎರಡು ಮನೆಯಲ್ಲಿ ಬರುತ್ತಾರೆ. ತಂದೆ ತನ್ನ ಅಕ್ಕನ ಮಗಳನ್ನು ಮದುವೆಯಾಗಿದ್ದರೆ 7ನೇ ಮನೆಯಲ್ಲಿರುವ ಅಜ್ಜಿ ತಂದೆಯ ಅಕ್ಕನೇ. ಆಗ 14 ಮತ್ತು 15 ಎಂದರೆ 4 ಮತ್ತು 5. ಸೋದರಮಾವನ ಮಗಳಾದರೆ 12 ಮತ್ತು 13 ಎಂದರೆ 10 ಮತ್ತು 11. ಇದನ್ನು ಗುರುತಿಸದೆ ಹೋದರೆ ಒಬ್ಬ ಬಸಪ್ಪ ಇಬ್ಬರು ಬಸಪ್ಪ ಆಗಿ, ಅವನಿಗೆ ಇಲ್ಲದ ತಂದೆಯನ್ನು ಹುಡುಕುತ್ತ ತಿಂಗಳುಗಟ್ಟಲೆ ಅಲೆಯುವ ಪಾಳಿ. ಮೊದಲು ಬಂದ ಚಿಕ್ಕ ಅಂಕಿಯನ್ನೇ ಇಟ್ಟುಕೊಂಡು ದೊಡ್ಡ ಅಂಕಿಯ ಮನೆಯಲ್ಲಿ ‘14 = 4’ ಎಂದು ಬರೆದು ಅಲ್ಲಿಂದ ಮೇಲಕ್ಕೆ ಗೀಟು ಹೊಡೆದುಬಿಡಿ.

ಅಸಲಿ ದುಡಿಮೆ ಕುಟುಂಬ ಹಾಳೆಯದು. ಒಂದು ದಂಪತಿಗೆ ಒಂದು ಹಾಳೆ. ಎರಡನೇ ಮದುವೆ ಆಗಿದ್ದರೆ ಎರಡನೇ ಹಾಳೆ, ಒಂದರಲ್ಲೇ ತುರುಕಬಾರದು. ಹಾಳೆಗೆ ಕು-1, ಕು-2 ಎಂದು ನಂಬರು. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಮನೆತನದಲ್ಲಿ ನಿಂಗಪ್ಪನ ಮಗ ಬಸಪ್ಪ, ಬಸಪ್ಪನ ಮಗ ನಿಂಗಪ್ಪ, ಮತ್ತೆ ಬಸಪ್ಪ ಎಂದು ಸುತ್ತುತ್ತದೆ. ಹೆಸರಿನಿಂದ ಯಾರನ್ನೂ ಗುರುತಿಸಲಾಗದು, ನಂಬರಿನಿಂದಲೇ ಗುರುತು. ಪೇಟೆಯಲ್ಲಿ ಸಿಗುವ ನಮೂನೆಗಳಲ್ಲಿ ಗಂಡ, ಹೆಂಡತಿ, ಮಕ್ಕಳು, ಹುಟ್ಟು, ಮದುವೆ, ಸಾವು ಇಷ್ಟಿರುತ್ತದೆ. ನಮಗೆ ಸಾಲದು. ಹೆಂಡತಿಗೆ ತವರಿನಲ್ಲಿದ್ದ ಹೆಸರು, ಗಂಡನ ಮನೆಯಲ್ಲಿ ಇಟ್ಟ ಹೆಸರು ಎಂದು ಎರಡು ಖಾನೆ ಬೇಕು. ತವರಿನ ಊರು, ಅಡ್ಡಹೆಸರು, ಬೆಡಗು (ಕುಲದ ಒಳಪಂಗಡ) ಬೇಕು. ಮಕ್ಕಳ ಸಾಲಿನಲ್ಲಿ ‘ಸ್ವಂತ, ದತ್ತಕ ಬಂದದ್ದು, ದತ್ತಕ ಹೋದದ್ದು’ ಎಂಬ ಖಾನೆ, ಕೊನೆಯಲ್ಲಿ ‘ಇವರ ಹಾಳೆ ನಂಬರ್’. ಹೆಣ್ಣುಮಕ್ಕಳಿಗೂ ಇದೇ ಖಾನೆ. ಮಗಳ ಸಾಲನ್ನು ‘ಕೊಟ್ಟಿದೆ’ ಎಂದು ಬರೆದು ಮುಚ್ಚಿದರೆ ಮುಂದೆ ಅಕ್ಕನ ಮಗಳು ಸೊಸೆಯಾಗಿ ಬಂದಾಗ ಸಂಬಂಧ ಸಿಗುವುದಿಲ್ಲ. ಹೆಸರಿಡುವ ಮೊದಲೇ ಹೋದ ಕೂಸುಗಳಿಗೂ ಒಂದೊಂದು ಸಾಲು ಬಿಡಿ. ಎರಡು ಮಕ್ಕಳ ನಡುವೆ ಏಳು ವರ್ಷದ ಅಂತರ ಯಾಕೆ ಎಂದು ನಂತರ ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ.

ಹಾಳೆ ತಯಾರಾದ ಮೇಲೆ ಹಿರಿಯರ ಹತ್ತಿರ ಕೂಡುವುದು. ‘ಯಾವ ಇಸವಿ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಬಂದರೂ ಉಪಯೋಗವಿಲ್ಲ. ಹಾಗಾಗಿ ಒಂದು ಕಾಲಪಟ್ಟಿ ಜೊತೆಗಿರಲಿ: 1918ರ ಇನ್‌ಫ್ಲುಯೆಂಜಾ, 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನ, 1942ರ ಚಳವಳಿ, 1948ರ ರಜಾಕಾರರ ಗದ್ದಲ, 1956ರ ಏಕೀಕರಣ, 1964ರಲ್ಲಿ ಆಲಮಟ್ಟಿ ಅಡಿಗಲ್ಲು, 1967ರ ಡಿಸೆಂಬರಿನಲ್ಲಿ ಕೊಯ್ನಾ ಭೂಕಂಪಕ್ಕೆ ನೆಲ ನಡುಗಿದ್ದು, 1972ರ ಬರ. ‘ಬರದಾಗ ನಮ್ಮ ತಂಗಿ ಇನ್ನಾ ತೊಟ್ಟಿಲದಾಗಿದ್ಲು’ ಎಂಬ ಮಾತು ಒಂದು ತಾರೀಖಿಗೆ ಸಮ. ಶಕ ವರ್ಷ ಸಿಕ್ಕರೆ 78 ಕೂಡಿಸಿ, ಜನವರಿಯಿಂದ ಯುಗಾದಿವರೆಗಿನ ತಿಥಿಯಾದರೆ 79. ಸಂವತ್ಸರದ ಹೆಸರು ಮಾತ್ರ ಇದ್ದರೆ ಎಚ್ಚರ. ರಕ್ತಾಕ್ಷಿ ಎಂದರೆ 1924-25 ಆಗಬಹುದು, 1984-85 ಆಗಬಹುದು. ಇನ್ನೊಂದು ಮಾತು, ಅಣ್ಣತಮ್ಮಂದಿರನ್ನು ಒಟ್ಟಿಗೆ ಕೂಡಿಸಿ ಕೇಳಬೇಡಿ. ಯಾರು ಹಿರಿಯ ಎಂಬಲ್ಲೇ ಜಗಳ ಹತ್ತುತ್ತದೆ. ಅದೂ ವಾಟ್ನಿ ಬಾಕಿ ಇದ್ದರೆ ಹೇಳುವುದೇ ಬೇಡ.

ಇನ್ನು ಕಚೇರಿ. ಈಗಿನ ಕಂಪ್ಯೂಟರ್ ಪಹಣಿಯಲ್ಲಿ ವಂಶಕ್ಕೆ ಬೇಕಾದ್ದು ಬಹಳ ಇಲ್ಲ. ಅದರಲ್ಲಿರುವ ಡೈರಿ ನಂಬರ್ ಮಾತ್ರ ಬೇಕು. ಆ ನಂಬರು ಹಿಡಿದು ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೇ ಹಕ್ಕು ಬದಲಾವಣೆ ಡೈರಿಯ ನಕಲು ಕೇಳಬೇಕು. ಮುಂಬಯಿ ಇಲಾಖೆಯಲ್ಲಿ ಹಕ್ಕುನೋಂದಣಿ ಕಾಯ್ದೆ ಬಂದದ್ದು 1903ರಲ್ಲಿ. ಹಾಗಾಗಿ ಡೈರಿಯ ಸರಪಳಿ ಹಿಡಿದು 20ನೇ ಶತಮಾನದ ಮೊದಲ ದಶಕಗಳವರೆಗೆ ಹಿಂದೆ ಹೋಗಬಹುದು. ಒಂದು ಡೈರಿಯಲ್ಲಿ ಹಿಂದಿನ ಡೈರಿಯ ನಂಬರು ಸಿಗುತ್ತದೆ, ಅದರಲ್ಲಿ ಅದರ ಹಿಂದಿನದು. ನಡುವೆ ಹಿಸ್ಸಾ (ಪಾಲು) ಒಡೆದು 112 ಎಂಬುದು 112/1, 112/1ಎ ಆಗಿರುತ್ತದೆ. ಏಕತ್ರೀಕರಣ (ತುಂಡು ಹೊಲಗಳನ್ನು ಕೂಡಿಸುವುದು) ಆದ ಊರುಗಳಲ್ಲಿ ಸರ್ವೆ ನಂಬರಿನ ಬದಲು ಬ್ಲಾಕ್ ನಂಬರ್ ಬಂದಿರುತ್ತದೆ. ದಾಖಲೆ ಹಾಳೆಯಲ್ಲಿ ಹಳೇ ಹೊಸ ನಂಬರು ಎರಡೂ, ಎಕರೆ ಗುಂಟೆ, ಆಕಾರ (ಹೊಲದ ಕಂದಾಯ) ಬರೆದಿಡಿ. ಹೆಸರು ಅನುಮಾನ ಬಂದಾಗ ಅದೇ ಹೊಲವೋ ಅಲ್ಲವೋ ಎಂದು ತಾಳೆ ನೋಡಲು ಆಕಾರದ ರೂಪಾಯಿ ಆಣೆಯೇ ಗಟ್ಟಿ ಆಧಾರ.

ಒಂದು ನೋಂದು ಹೇಗಿರುತ್ತದೆ ನೋಡಿ. 1934ರ ಡೈರಿ, ಒಕ್ಕಣೆ ಹೀಗೆ: ‘ಸದರೀ ಜಮೀನಿನ ಕಬ್ಜೇದಾರ ನಿಂಗಪ್ಪ ಬಿನ್ ಬಸಪ್ಪ ಇವನು ಸುಮಾರು 8 ತಿಂಗಳ ಹಿಂದೆ ಮಯತನಾಗಿದ್ದು, ಅವನಿಗೆ ಮಗ ಬಸಪ್ಪ ವಯ 9 ಅ.ಪಾ.ಕ. ತಾಯಿ ಗಂಗವ್ವ ಇವರ ಹೊರತು ಬೇರೆ ವಾರಸರು ಇಲ್ಲೆಂದು ವರ್ದಿ.’ ಕೆಳಗೆ ತಲಾಠಿಯ (ಊರಿನ ಕಂದಾಯ ಲೆಕ್ಕಿಗನ) ಸಹಿ, ಇನ್ನೊಂದು ತಾರೀಖಿನಲ್ಲಿ ಮಂಜೂರು. ಈ ಮೂರು ಸಾಲಿನಲ್ಲಿ ಮೂರು ತಲೆಮಾರು ಇದೆ: ಬಸಪ್ಪ, ನಿಂಗಪ್ಪ, ಮತ್ತೆ ಬಸಪ್ಪ. ಕಬ್ಜೇದಾರ ಎಂದರೆ ಹೊಲ ಸ್ವಾಧೀನದಲ್ಲಿದ್ದವನು, ಮಯತ ಎಂದರೆ ತೀರಿಕೊಂಡವನು, ವರ್ದಿ ಎಂದರೆ ಕಚೇರಿಗೆ ಕೊಟ್ಟ ತಿಳಿವಳಿಕೆ. ಅ.ಪಾ.ಕ. ಎಂದರೆ ಅಜ್ಞಾನ ಪಾಲನಕರ್ತ, ಮಗ ಇನ್ನೂ ಅಪ್ರಾಪ್ತ. ತಾಯಿ ಬಂದದ್ದು ಪಾಲಕಳಾಗಿ ಮಾತ್ರ. ಮಗ ಪ್ರಾಪ್ತನಾಗಿದ್ದರೆ ಅವಳ ಹೆಸರೂ ಇರುತ್ತಿರಲಿಲ್ಲ. ಸಾವಿನ ಕಾಲ ತಿಳಿಯಲು ವರ್ದಿಯ ತಾರೀಖಿನಿಂದ ಎಂಟು ತಿಂಗಳು ಹಿಂದೆ ಹೋಗಬೇಕು, ಮಂಜೂರಿಯ ತಾರೀಖಿನಿಂದ ಅಲ್ಲ. ಕೆಲವರು ಸತ್ತ ಹತ್ತು ವರ್ಷಕ್ಕೆ ವರ್ದಿ ಕೊಟ್ಟದ್ದೂ ಉಂಟು, ಒಕ್ಕಣೆ ಪೂರ್ತಿ ಓದದೆ ತಾರೀಖು ಎತ್ತಿಕೊಳ್ಳಬಾರದು. ಇನ್ನು ‘ಬೇರೆ ವಾರಸರು ಇಲ್ಲ’ ಎಂಬ ಮಾತು. ನಿಂಗಪ್ಪನಿಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ತಲಾಠಿ ಸುಳ್ಳು ಬರೆದಿದ್ದಾನೆ ಅಂತಲ್ಲ, ಮಗನಿದ್ದಾಗ ಹೆಣ್ಣುಮಕ್ಕಳನ್ನು ಆ ಕಾಲದಲ್ಲಿ ವಾರಸರೆಂದು ಎಣಿಸುತ್ತಿರಲಿಲ್ಲ ಅಷ್ಟೆ.

ಈ ನಕಲು ಕೈಗೆ ಬರುವವರೆಗಿನ ಕಾಯುವಿಕೆ ಬೇಸರ ತರಿಸುತ್ತದೆ. ದಫ್ತರಗಳು ರುಮಾಲಿನಲ್ಲಿ ಕಟ್ಟಿದ ಗಂಟುಗಳು, ‘ಗಂಟು ಸಿಗವಲ್ದು, ಮುಂದಿನ ವಾರ ಬರ್ರಿ’ ಎಂಬುದು ಮಾಮೂಲು. ಬಾಯಿಮಾತಿಗೆ ಹೋಗದೆ ಊರು, ಸರ್ವೆ ನಂಬರ್, ಡೈರಿ ನಂಬರ್, ಇಸವಿ ಬರೆದ ನಕಲು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬರೀ ‘ನಮ್ಮ ಹೊಲದ ಹಳೇ ಕಾಗದ’ ಎಂದರೆ ಯಾರೂ ಹುಡುಕಲಾರರು. ಒಂದು ತಾಲ್ಲೂಕು ಕಚೇರಿಯಲ್ಲಿ ಅರ್ಜಿಯೇ ಕಾಣೆಯಾಯಿತು, ಸ್ವೀಕೃತಿ ಇದ್ದದ್ದರಿಂದ ಮತ್ತೆ ಮೊದಲಿನಿಂದ ಕಟ್ಟುವುದು ತಪ್ಪಿತು. ಅಷ್ಟಕ್ಕೂ ಆಗದಿದ್ದರೆ ಮಾಹಿತಿ ಹಕ್ಕು: ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ, 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಮನೆತನದ ಕಥೆಯೆಲ್ಲ ಬರೆದರೆ ಅದೇ ನೆಪದಲ್ಲಿ ವಾಪಸು ಬರುತ್ತದೆ. ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ರೆಕಾರ್ಡ್ ರೂಮುಗಳ ಹಳೇ ಕಾಗದ ಸ್ಕ್ಯಾನ್ ಆಗುತ್ತಿದೆ, ನಿಮ್ಮ ತಾಲ್ಲೂಕಿನದು ಆಗಿದೆಯೋ ಎಂದು ಮೊದಲೇ ಕೇಳಿಕೊಳ್ಳಿ.

ಯಾವ ಕಚೇರಿ ಎಂಬುದೇ ಬಾಗಲಕೋಟೆ, ವಿಜಯಪುರ, ಬೆಳಗಾವಿ ಈ ನಮ್ಮ ಮೂರು ಜಿಲ್ಲೆಗಳಲ್ಲಿ ದೊಡ್ಡ ಗೊಂದಲ. ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ, ಅದಕ್ಕೂ ಹಿಂದಿನ ಜಿಲ್ಲಾ ಮಟ್ಟದ ಕಡತಕ್ಕೆ ವಿಜಯಪುರದ ದಾರಿ ಹಿಡಿಯಬೇಕಾಗಬಹುದು. 1956ಕ್ಕೂ ಹಿಂದೆ ಮುಂಬಯಿ ರಾಜ್ಯ. ಅದಕ್ಕಿಂತ ಮುಖ್ಯವಾದದ್ದು, ಎಲ್ಲ ಊರೂ ಬ್ರಿಟಿಷರ ಕೈಯಲ್ಲಿರಲಿಲ್ಲ. ಜಮಖಂಡಿ, ಮುಧೋಳ, ರಾಮದುರ್ಗ ಬೇರೆ ಬೇರೆ ಸಂಸ್ಥಾನ. ತೇರದಾಳ ಸಾಂಗ್ಲಿಗೆ ಸೇರಿತ್ತು, ಬೆಳಗಾವಿಗೆ ಹತ್ತಿದ ಶಹಾಪುರವೂ ಸಾಂಗ್ಲಿಯದೇ. ರಾಯಬಾಗ ಕೊಲ್ಹಾಪುರದ್ದು. ಈ ದಖ್ಖನ್ ಸಂಸ್ಥಾನಗಳು 1948ರ ಮಾರ್ಚಿನಲ್ಲಿ ಮುಂಬಯಿಗೆ ಸೇರಿದವು, ಕೊಲ್ಹಾಪುರ 1949ರ ಮಾರ್ಚಿನಲ್ಲಿ. ಬೀಳಗಿಯ ಮನೆತನದ ಸೊಸೆ ಜಮಖಂಡಿ ಕಡೆಯವಳಾದರೆ ಸಂಸ್ಥಾನದ ಗಡಿಯ ಆಚೆ ಈಚೆ ದಾಖಲೆಯ ನಮೂನೆಯೇ ಬೇರೆ. ಹಾಗಾಗಿ ಶೋಧ ವಹಿಯಲ್ಲಿ ಪ್ರತಿ ಊರಿಗೂ ಒಂದು ಪುಟ: 1948ರ ತನಕ ಯಾರ ಆಳ್ವಿಕೆ, 1956ರ ತನಕ ಯಾವ ತಾಲ್ಲೂಕು, ಈಗ ಯಾವ ತಾಲ್ಲೂಕು, ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಡೆ ಆಗಿದ್ದರೆ ಯಾವ ಪುನರ್ವಸತಿ ಕೇಂದ್ರ. ಮುಳುಗಡೆ ಊರಿನವರಿಗೆ ಒಂದು ಲಾಭವೂ ಇದೆ. ಭೂಸ್ವಾಧೀನದ ಐತೀರ್ಪಿನಲ್ಲಿ ಪರಿಹಾರ ಹಂಚಿಕೊಂಡವರ ಹೆಸರು, ತಂದೆಯ ಹೆಸರು, ಮನೆಯ ವಿವರ ಒಂದೇ ಕಡೆ ಸಿಗುತ್ತದೆ. ಆ ಪಟ್ಟಿಯ ನಕಲು ಮನೆಯಲ್ಲೇ ಟ್ರಂಕಿನಲ್ಲಿ ಇರುತ್ತದೆ, ಮೊದಲು ಅಲ್ಲಿ ನೋಡಿ.

ಹಳೇ ಕಾಗದ ಮೋಡಿ ಲಿಪಿಯಲ್ಲಿ (ಮರಾಠಿಯ ಹಳೇ ಕೂಡುಬರಹ) ಬಂದರೆ ಗಾಬರಿಯಾಗಬೇಡಿ. ಬೆಳಗಾವಿ, ಕೊಲ್ಹಾಪುರ ಕಡೆ ಮೋಡಿ ಓದುವವರು ಇದ್ದಾರೆ, ಪುಟದ ಲೆಕ್ಕದಲ್ಲಿ ಹಣ ತೆಗೆದುಕೊಳ್ಳುತ್ತಾರೆ. ಇಡೀ ಕೆಲಸದಲ್ಲಿ ದೊಡ್ಡ ಖರ್ಚು ಅದೇ. ಸಾರಾಂಶ ಹೇಳಿಸಿಕೊಂಡು ಬರಬೇಡಿ, ಅಕ್ಷರಶಃ ಲಿಪ್ಯಂತರ ಬರೆಸಿಕೊಳ್ಳಿ. ಹೆಸರು ಬಂದ ಸಾಲುಗಳನ್ನು ಮೂಲದ ಫೋಟೋ ಮೇಲೆ ಬೆರಳಿಟ್ಟು ತೋರಿಸಲು ಹೇಳಿ. ಮೋಡಿ ಅಕ್ಷರ ಕೂಡಿಸಿ ಬರೆಯುವುದರಿಂದ ಕನ್ನಡದ ಹೆಸರುಗಳು ಮರಾಠಿ ಕಿವಿಗೆ ಬೇರೆಯಾಗಿ ಓದಿಸಿಕೊಳ್ಳುತ್ತವೆ.

ಹೆಣ್ಣುಮಕ್ಕಳು ಎಲ್ಲಿ ಸಿಗುತ್ತಾರೆ? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ನಂತರದ ತಲೆಮಾರಾದರೆ ಹಕ್ಕಸೋಡ ಪತ್ರದಲ್ಲಿ. ಅಣ್ಣತಮ್ಮಂದಿರ ಹೆಸರಿಗೆ ಹಕ್ಕು ಬಿಟ್ಟುಕೊಡುವಾಗ ಅಕ್ಕತಂಗಿಯರೆಲ್ಲರ ಹೆಸರು, ಗಂಡನ ಹೆಸರು, ಕೊಟ್ಟ ಊರು, ವಯಸ್ಸು ಸಾಲಾಗಿ ಬರುತ್ತದೆ. ಹಕ್ಕು ಬಿಡಿಸಿಕೊಳ್ಳಲು ಬರೆಸಿದ ಕಾಗದವೇ ಅವರಿದ್ದದ್ದಕ್ಕೆ ಸಾಕ್ಷಿಯಾಗಿ ಉಳಿದಿರುವುದು ಓದುವಾಗ ಚುಚ್ಚುತ್ತದೆ. ಉಪನೋಂದಣಿ ಕಚೇರಿಯಲ್ಲಿ ಹೊಲದ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಇಂಥ ಪತ್ರಗಳ ನಂಬರು ಸಿಗುತ್ತದೆ. ಅದಕ್ಕೂ ಹಿಂದಿನ ತಲೆಮಾರಿಗೆ ದಾರಿ ತವರು. ಚೊಚ್ಚಲ ಹೆರಿಗೆ ತವರಿನಲ್ಲಾಗುವುದರಿಂದ ಹಿರಿಯ ಮಗುವಿನ ಜನನ ನೋಂದಣಿ ತಾಯಿಯ ಊರಿನಲ್ಲಿರುತ್ತದೆ. ತಂದೆಯ ಊರಿನಲ್ಲಿ ಹುಡುಕಿ ‘ಇಲ್ಲ’ ಎನಿಸಿಕೊಂಡು ಬರುವವರೇ ಹೆಚ್ಚು. ಹಳೇ ಜನನ ರಜಿಸ್ಟರಿನಲ್ಲಿ ಕೂಸಿನ ಹೆಸರು ಇರುವುದಿಲ್ಲ, ಗಂಡು ಅಥವಾ ಹೆಣ್ಣು ಎಂದಿಷ್ಟೇ, ಪಕ್ಕದಲ್ಲಿ ತಂದೆಯ ಹೆಸರು. ಆದ್ದರಿಂದ ಶೋಧದ ಅರ್ಜಿಯಲ್ಲಿ ತಂದೆಯ ಹೆಸರು ಮತ್ತು ಮೂರು ನಾಲ್ಕು ವರ್ಷದ ವ್ಯಾಪ್ತಿ ಕೊಡಿ. ಶುಲ್ಕ ವರ್ಷದ ಲೆಕ್ಕದಲ್ಲಿ. ಜನನ ಮರಣ ನೋಂದಣಿಯ ಈಗಿನ ಕಾಯ್ದೆ ಕರ್ನಾಟಕದಲ್ಲಿ ಜಾರಿಯಾದದ್ದು 1970ರ ಏಪ್ರಿಲ್ 1ರಂದು, ಅದರ ಹಿಂದಿನವು ಹಳೇ ಗ್ರಾಮ ರಜಿಸ್ಟರುಗಳು. ದಾಖಲೆ ಇಲ್ಲವೆಂದರೆ ನಮೂನೆ 10ರಲ್ಲಿ ಅಲಭ್ಯ ಪ್ರಮಾಣಪತ್ರ ಬರೆಸಿಕೊಳ್ಳಿ. ಅದನ್ನೂ ಶೋಧ ವಹಿಗೆ ಅಂಟಿಸಬೇಕು, ಇಲ್ಲದಿದ್ದರೆ ಎರಡು ವರ್ಷ ಬಿಟ್ಟು ಇನ್ನೊಬ್ಬರು ಅದೇ ಬಾಗಿಲು ಬಡಿಯುತ್ತಾರೆ.

ಶಾಲೆಯ ಜನರಲ್ ರಜಿಸ್ಟರ್ ಬೇಗ ಸಿಗುವ ದಾಖಲೆ. ಮುಖ್ಯಾಧ್ಯಾಪಕರಿಗೆ ಒಂದು ಅರ್ಜಿ, ಬಹುತೇಕ ಕಡೆ ಅಂದೇ ಕೆಲಸ. ಹುಟ್ಟಿದ ಊರು, ಹಿಂದಿನ ಶಾಲೆ, ಪಾಲಕರ ಹೆಸರು ಇರುತ್ತದೆ. ಜನ್ಮ ತಾರೀಖು ಜೂನ್ 1 ಎಂದಿದ್ದರೆ ಅದು ಮಾಸ್ತರರು ಹಾಕಿದ ತಾರೀಖು, ಹುಟ್ಟಿದ್ದಲ್ಲ. ಮೇಲಿನ ಬಸಪ್ಪನದೇ ನೋಡಿ. ಶಾಲೆಯಲ್ಲಿ 1-6-1923, ಡೈರಿಯ ಪ್ರಕಾರ ಸುಮಾರು 1925, ‘ಗಾಂಧಿ ಬೆಳಗಾವಿಗೆ ಬಂದ ಮರುವರ್ಷ’ ಎಂದು ಮನೆಯ ಮಾತು. ಕುಟುಂಬ ಹಾಳೆಯಲ್ಲಿ ಒಂದನ್ನು ಆರಿಸಿ ಉಳಿದದ್ದು ಅಳಿಸಬೇಡಿ. ‘ಸು. 1925’ ಎಂದು ಬರೆದು ಮೂರಕ್ಕೂ ದಾಖಲೆ ಹಾಳೆಯ ನಂಬರು ಹಾಕಿ. ಕಾಗದ ನೋಡಿದ್ದಕ್ಕೆ ಶಾಯಿ, ಬಾಯಿಮಾತಿಗೆ ಪೆನ್ಸಿಲ್ ಎಂಬ ಪದ್ಧತಿ ಇಟ್ಟುಕೊಂಡರೆ ನೋಡಿದ ತಕ್ಷಣ ಯಾವುದು ಗಟ್ಟಿ, ಯಾವುದು ಸಡಿಲು ತಿಳಿಯುತ್ತದೆ.

ಹೆಳವರ ವಿಷಯ ಬರೆಯದೆ ನಮ್ಮ ಕಡೆಯ ವಂಶಾವಳಿ ಪೂರ್ತಿಯಾಗದು. ಎತ್ತಿನ ಮೇಲೆ ಗಂಟೆ ಸದ್ದಿನೊಂದಿಗೆ ಬಂದು ಬಾಗಿಲಲ್ಲಿ ಮನೆತನದ ಹೆಸರೆಲ್ಲ ಹಾಡಿ ಹೇಳುವವರು ಅವರು. ಯಾವ ಮನೆತನಕ್ಕೆ ಯಾವ ಹೆಳವರು ಎಂಬುದು ಹಿಂದಿನಿಂದ ಗೊತ್ತಾಗಿರುತ್ತದೆ. ಸುಗ್ಗಿ ಮುಗಿದ ಮೇಲೆ ಬರುತ್ತಾರೆ, ಪ್ರತಿ ವರ್ಷ ಬರುತ್ತಾರೆಂದಿಲ್ಲ. ಕಾಯುವ ಬದಲು ಬೀಗರ ಊರುಗಳಲ್ಲಿ ವಿಚಾರಿಸಿದರೆ ಈಗ ಫೋನ್ ನಂಬರೇ ಸಿಗುತ್ತದೆ. ಹಿಂದೆ ಕಾಳುಕಡಿ, ಆಕಳು ಕೊಡುತ್ತಿದ್ದರು, ಈಗ ರೊಕ್ಕವೂ ನಡೆಯುತ್ತದೆ. ವಹಿ ಓದುವಾಗ ಒಪ್ಪಿಗೆ ಕೇಳಿ ಧ್ವನಿಮುದ್ರಣ ಮಾಡಿಕೊಳ್ಳಿ, ಹೆಸರುಗಳು ಸರಸರನೆ ಹೋಗುತ್ತವೆ. ಬೆಡಗು, ಮೂಲ ಊರು, ಅಲ್ಲಿಂದ ಯಾಕೆ ಎದ್ದು ಬಂದರು ಎಂಬುದು ಬೇರೆಲ್ಲೂ ಸಿಗದು, ಇಲ್ಲಿ ಸಿಗುತ್ತದೆ. ಅಡ್ಡಹೆಸರು ಬದಲಾದದ್ದೂ ಇಲ್ಲೇ ಬಗೆಹರಿಯುತ್ತದೆ. ಒಂದೇ ಮನೆತನ ಒಂದು ಊರಲ್ಲಿ ಬೆಲ್ಲದ, ಇನ್ನೊಂದು ಊರಲ್ಲಿ ಬಿಟ್ಟು ಬಂದ ಊರಿನ ಹೆಸರಿನಿಂದ ಕರೆಸಿಕೊಂಡಿರುತ್ತದೆ. ಆದರೆ ಹೆಳವರ ವಹಿಯೂ ಬಹುಪಾಲು ಗಂಡು ಸಂತಾನದ್ದೇ, ಇಸವಿ ಕಡಿಮೆ. ಡೈರಿ ಮುಟ್ಟುವ ತಲೆಮಾರುಗಳನ್ನು ತಾಳೆ ನೋಡಿ, ಅದರ ಮೇಲಿನದನ್ನು ‘ಹೆಳವರ ವಹಿ’ ಎಂದೇ ಆಧಾರ ನಮೂದಿಸಿ ಪೆನ್ಸಿಲ್ಲಿನಲ್ಲಿಡಿ.

ದತ್ತಕಕ್ಕೆ ಒಂದು ನಿಯಮ ಸಾಕು: ಎರಡು ಕುಟುಂಬ ಹಾಳೆಯಲ್ಲೂ ಆ ಮಗು ಇರಬೇಕು. ಹೆತ್ತವರಿಗೆ ಅಖಂಡ ಗೆರೆ, ದತ್ತಕ ತಂದೆತಾಯಿಗೆ ತುಂಡು ಗೆರೆ. ದತ್ತಕದ ಹಿಂದಿನ ಕಾಗದದಲ್ಲಿ ಒಬ್ಬ ತಂದೆ, ಮುಂದಿನದರಲ್ಲಿ ಇನ್ನೊಬ್ಬ ತಂದೆ ಬರುತ್ತಾನೆ. ದತ್ತಕ ಪತ್ರದ ತಾರೀಖು ಗೊತ್ತಿಲ್ಲದಿದ್ದರೆ ಇಬ್ಬರು ಬೇರೆ ವ್ಯಕ್ತಿಗಳೆಂದೇ ತೋರುತ್ತದೆ.

ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರವನ್ನು ಈ ಕೆಲಸಕ್ಕೆ ಆಧಾರ ಮಾಡಿಕೊಳ್ಳಬೇಡಿ. ಅದು ಅರ್ಜಿದಾರರು ನೋಟರಿ ಮುಂದೆ ಪ್ರಮಾಣ ಮಾಡಿ ಹೇಳಿದ್ದನ್ನು ಗ್ರಾಮ ಆಡಳಿತ ಅಧಿಕಾರಿ ಸ್ಥಳ ವಿಚಾರಿಸಿ ಕೊಡುವ ಕಾಗದ. ವಾರಸಾ ಮಾಡಿಸಲು ಬೇಕು, ನೂರು ವರ್ಷದ ಹಿಂದಿನದಕ್ಕೆ ಸಾಕ್ಷಿ ಆಗದು. ಆದರೆ ಉಲ್ಟಾ ಪ್ರಯೋಜನವಿದೆ. ಕುಟುಂಬ ಹಾಳೆ ಮೊದಲೇ ತಯಾರಿದ್ದರೆ ಪ್ರಮಾಣಪತ್ರಕ್ಕೆ ಯಾರ ಹೆಸರೂ ಬಿಟ್ಟುಹೋಗುವುದಿಲ್ಲ. ಬಿಟ್ಟುಹೋದ ಒಬ್ಬ ಅತ್ತೆಯ ಹೆಸರಿನಿಂದ ಕೋರ್ಟು ಹತ್ತಿದ ಮನೆಗಳು ಎಷ್ಟೋ ಇವೆ.

ಗಿಡ ಬರೆಯುವುದು ಈಗ. ಮೂಲ ಪುರುಷನಿಂದ ಕೆಳಗಿಳಿಯುವ ವಂಶಾವಳಿಗೆ ಅಂಕಿ ಬೇರೆ ಪದ್ಧತಿ: 1, ಅವನ ಮಕ್ಕಳು 1.1, 1.2, ಎರಡನೆಯವರ ಮೂರನೇ ಮಗು 1.2.3. ಹೆಣ್ಣು ಗಂಡು ಎನ್ನದೆ ಹುಟ್ಟಿದ ಕ್ರಮದಲ್ಲೇ ಅಂಕಿ. ಮೊದಲು ಗಂಡುಮಕ್ಕಳಿಗೆ ಅಂಕಿ ಹಾಕಿ ಹೆಣ್ಣುಮಕ್ಕಳನ್ನು ಕೊನೆಗೆ ಸೇರಿಸಿದರೆ ಕ್ರಮವೆಲ್ಲ ಕೆಟ್ಟು ಮತ್ತೆ ಬರೆಯಬೇಕಾಗುತ್ತದೆ. ಎ3 ಹಾಳೆಯಲ್ಲಿ ಅಡ್ಡಲಾಗಿ ನಾಲ್ಕು ತಲೆಮಾರು ಓದುವಂತೆ ಹಿಡಿಯುತ್ತದೆ, ಆರಕ್ಕೆ ಫ್ಲೆಕ್ಸ್ ಅಂಗಡಿಗೇ ಹೋಗಬೇಕು. ಕಂಪ್ಯೂಟರಿಗೆ ಗ್ರ್ಯಾಂಪ್ಸ್ ಎಂಬ ಉಚಿತ ತಂತ್ರಾಂಶ ಸಾಕು, ಕನ್ನಡ ತೆಗೆದುಕೊಳ್ಳುತ್ತದೆ. ಯೂನಿಕೋಡಿನಲ್ಲೇ ಟೈಪ್ ಮಾಡಿ, ಹಳೇ ನುಡಿ ಅಕ್ಷರದಲ್ಲಿ ಮಾಡಿದರೆ ಬೇರೆ ಕಡೆ ತೆರೆದಾಗ ಚಿಹ್ನೆಗಳ ಸಾಲು ಕಾಣುತ್ತದೆ. ಜೆಡ್‌ಕಾಮ್ ಕಡತವಾಗಿ (ಬೇರೆ ವಂಶಾವಳಿ ತಂತ್ರಾಂಶಗಳಲ್ಲೂ ತೆರೆಯುವ ನಮೂನೆ) ಒಂದು ಪ್ರತಿ ತೆಗೆದು ಎರಡು ಮನೆಯಲ್ಲಿಡಿ. ಬದುಕಿರುವವರ ಜನ್ಮ ತಾರೀಖು, ಆಧಾರ್, ಮೊಬೈಲ್ ನಂಬರ್ ಹಂಚುವ ಪ್ರತಿಯಲ್ಲಿ ಬೇಡ.

ಹಳೇ ಮೂಲ ಕಾಗದಗಳಿಗೆ ಲ್ಯಾಮಿನೇಶನ್ ಮಾಡಿಸಬೇಡಿ. ಬಿಸಿಗೆ ಶಾಯಿ ಹಾಳಾಗುತ್ತದೆ, ಒಮ್ಮೆ ಅಂಟಿದ್ದು ಬಿಡಿಸಲಾಗದು. ಮಡಿಕೆ ಬಿಡಿಸಿ ದಪ್ಪ ಹಾಳೆಯ ನಡುವೆ ಇಟ್ಟು, ಪಿನ್ನು ಕಿತ್ತು, ದಾಖಲೆ ಹಾಳೆಯ ನಂಬರನ್ನು ಹಿಂಬದಿ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಬರೆಯಿರಿ. ಈ ಮನೆತನದ ಫೈಲಿನಲ್ಲಿ ಸದ್ಯ ಬಾಕಿ ಇರುವುದು ಗಂಗವ್ವನ ತವರು. ಜಮಖಂಡಿ ಸಂಸ್ಥಾನದ ಕಾಲದ ಎರಡು ಮೋಡಿ ಪುಟಗಳು ಲಿಪ್ಯಂತರಕ್ಕೆ ಹೋಗಿವೆ, ಅವಳ ಏರು ತಖ್ತೆಯ 2 ಮತ್ತು 3ನೇ ಮನೆ ಪೆನ್ಸಿಲ್ಲಿನಲ್ಲೇ ಇದೆ.